ಆಂಡೀಸ್ ಪರ್ವತ ಕಲಿಸಿದ ಪಾಠ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತು)



ಒಂಬತ್ತನೇ ತರಗತಿಯ ಸಮಾಜ ಪಾಠದಲ್ಲಿ ನಾನೊಂದು ಪ್ರಶ್ನೆ ಕೇಳಿದ್ದೆ. ಹಿಮಾಲಯದಲ್ಲಿ ಇಲ್ಲದ ಜ್ವಾಲಾಮುಖಿಗಳ ಸಾಲು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದಲ್ಲಿ ಯಾಕಿದೆ? ಮೇಷ್ಟ್ರು ನಕ್ಕು, "ಓದಿ ನೀನೇ ಬಂದು ಹೇಳಪ್ಪ" ಎಂದರು. ಇಪ್ಪತ್ತು ವರ್ಷ ತಡವಾಗಿ ಆ ಉತ್ತರ ಒಪ್ಪಿಸಲು ಬಂದಿದ್ದೇನೆ.

ಹಿಮಾಲಯದಲ್ಲಿ ಎರಡು ಭೂಖಂಡಗಳು ಕಾದಾಡುವ ಟಗರುಗಳಂತೆ ಹಣೆಗೆ ಹಣೆ ಕೊಟ್ಟು ಒತ್ತುತ್ತಿವೆ. ಆಂಡೀಸ್‌ನಲ್ಲಿ ಹಾಗಲ್ಲ. ಪೆಸಿಫಿಕ್ ಸಾಗರದ ತಳದಲ್ಲಿರುವ ನಾಜ್ಕಾ ಭೂಫಲಕ ವರ್ಷಕ್ಕೆ ಸುಮಾರು 7 ಸೆಂಟಿಮೀಟರಿನಂತೆ ಖಂಡದ ಅಡಿಗೆ ನುಗ್ಗುತ್ತಿದೆ. ಅದರ ಬಂಡೆಗಳಲ್ಲಿ ಸೇರಿಕೊಂಡ ನೀರು ಆಳದಲ್ಲಿ ಹೊರಬಿದ್ದಾಗ, ಮೇಲಿನ ಬಿಸಿಬಂಡೆ ಕಡಿಮೆ ಉಷ್ಣತೆಯಲ್ಲೇ ಕರಗಿ ಶಿಲಾಪಾಕವಾಗುತ್ತದೆ. ಜ್ವಾಲಾಮುಖಿ ಉಗುಳುವುದು ಇದನ್ನೇ.

ಭೂಕಂಪಕ್ಕೂ ಇದೇ ನೂಕಾಟ ಕಾರಣ. 1960ರ ಮೇ 22ರಂದು ಚಿಲಿಯಲ್ಲಿ ಆದ 9.5 ತೀವ್ರತೆಯ ಭೂಕಂಪ ಇದುವರೆಗೆ ಅಳೆದವುಗಳಲ್ಲೇ ದೊಡ್ಡದು. 2010ರ ಭೂಕಂಪದಲ್ಲಿ ಅಲ್ಲಿನ ಕಾನ್ಸೆಪ್ಸಿಯೋನ್ ನಗರವೇ ಸುಮಾರು 3 ಮೀಟರ್ ಪಶ್ಚಿಮಕ್ಕೆ ಸರಿಯಿತು. ಈಗ ಉಪಗ್ರಹದ ರಾಡಾರ್ ಚಿತ್ರಗಳನ್ನು ಹೋಲಿಸಿ, ಜ್ವಾಲಾಮುಖಿಯ ನೆಲ ಎಷ್ಟು ಸೆಂಟಿಮೀಟರ್ ಉಬ್ಬಿದೆ ಎಂದು ಕಂಪ್ಯೂಟರಿನಲ್ಲೇ ಲೆಕ್ಕ ಹಾಕುತ್ತಾರೆ. ಸಾಫ್ಟ್‌ವೇರ್ ಬರೆಯುವ ನನಗೆ ಇದನ್ನು ಓದಿದಾಗ ಹೆಮ್ಮೆಯಾಯಿತು.

ಆದರೆ ಆರ್ಮೆರೊ ಪಟ್ಟಣದ ಕಥೆ ಓದಿದ ಮೇಲೆ ಆ ಹೆಮ್ಮೆ ಇಳಿಯಿತು. 1985ರ ನವೆಂಬರ್ 13ರ ರಾತ್ರಿ ಕೊಲಂಬಿಯಾದ ನೆವಾಡೊ ಡೆಲ್ ರೂಯಿಸ್ ಸಿಡಿಯಿತು. ಸ್ಫೋಟ ದೊಡ್ಡದೇನಲ್ಲ. ಆದರೆ ಶಿಖರದ ಹಿಮ ಕರಗಿ, ಬೂದಿ ಮಣ್ಣು ಕಲಸಿದ ಕೆಸರಿನ ಪ್ರವಾಹ ಕಣಿವೆಗುಂಟ ಇಳಿದು, ಸುಮಾರು ಎರಡೂವರೆ ಗಂಟೆಯಲ್ಲಿ ಆರ್ಮೆರೊವನ್ನು ಮುಚ್ಚಿತು. ಒಟ್ಟು ಸುಮಾರು 23,000 ಜನ ಸತ್ತರು. 1845ರಲ್ಲೂ ಅದೇ ಜಾಗಕ್ಕೆ ಕೆಸರು ನುಗ್ಗಿತ್ತು. ವಿಜ್ಞಾನಿಗಳ ಅಪಾಯದ ನಕ್ಷೆ ಹಿಂದಿನ ತಿಂಗಳೇ ಸಿದ್ಧವಿತ್ತು, ಆರ್ಮೆರೊ ಅದರಲ್ಲಿತ್ತು. ಎರಡೂವರೆ ಗಂಟೆಯಲ್ಲಿ ಎಷ್ಟೋ ಜನ ಎತ್ತರದ ಜಾಗಕ್ಕೆ ನಡೆದೇ ಹೋಗಬಹುದಿತ್ತು. "ಎದ್ದು ಹೊರಡಿ" ಎಂಬ ಸ್ಪಷ್ಟ ಮಾತು ಮಾತ್ರ ಹೆಚ್ಚಿನವರನ್ನು ತಲುಪಲಿಲ್ಲ.

ಅಂದಿನಿಂದ, ಕೆಲಸದಲ್ಲಿ ಯಾವುದೇ ಎಚ್ಚರಿಕೆಯ ಸಂದೇಶ ಬರೆದರೂ ಒಮ್ಮೆ ಕೇಳಿಕೊಳ್ಳುತ್ತೇನೆ: ಇದು ನನ್ನ ಅಮ್ಮನಿಗೆ ಅರ್ಥವಾಗುತ್ತದೆಯೇ? ಕನ್ನಡದಲ್ಲಿ ವಿಜ್ಞಾನ ಕಲಿಸಿದ ಈ ಶಾಲೆ ನನಗೆ ಕೊಟ್ಟ ದೊಡ್ಡ ಆಸ್ತಿ ಇದೇ. ಮಕ್ಕಳೇ, ತಿಳಿದುಕೊಳ್ಳಿ, ತಿಳಿದದ್ದನ್ನು ಮನೆಯವರಿಗೆ ತಿಳಿಯುವ ಮಾತಿನಲ್ಲಿ ಹೇಳಿ.

ಮೇಷ್ಟ್ರೇ, ಉತ್ತರ ಒಪ್ಪಿಸಿದ್ದೇನೆ. ತಪ್ಪಿದ್ದರೆ ತಿದ್ದಿ.