ದಾರ ಬದಲಿಸುವ ಹೊತ್ತು

ಮದುವೆ ಸೀಸನ್ನಿನಲ್ಲಿ ಯಾವುದಾದರೂ ಲೇಡೀಸ್ ಟೈಲರ್ ಅಂಗಡಿಯಲ್ಲಿ ಅರ್ಧ ಗಂಟೆ ಸುಮ್ಮನೆ ಕೂತು ನೋಡಿ. ಕಟಿಂಗ್ ಕೆಲಸವೆಲ್ಲ ಬೆಳಿಗ್ಗೆ, ಗಿರಾಕಿಗಳು ಬರುವ ಮುಂಚೆಯೇ ಮುಗಿದಿರುತ್ತದೆ. ಕತ್ತರಿ ಕೈಯಲ್ಲಿರುವಾಗ ಯಾರೋ ಬಂದು ‘ನನ್ನ ಬ್ಲೌಸ್ ಆಯ್ತಾ’ ಎಂದು ಕೇಳಿದರೆ ಕೈ ತಪ್ಪುತ್ತದೆ. ಹೊಲಿಗೆ ತಪ್ಪಿದರೆ ಬಿಚ್ಚಿ ಹೊಲಿಯಬಹುದು, ಕತ್ತರಿಸಿದ ರೇಷ್ಮೆಯನ್ನು ಏನು ಮಾಡೋದು? ಹೊಲಿಯುವಾಗಲೂ ಒಂದು ಲೆಕ್ಕವಿರುತ್ತದೆ. ಹಸಿರು ಬ್ಲೌಸುಗಳೆಲ್ಲ ಒಟ್ಟಿಗೆ, ಮೆರೂನ್ ಎಲ್ಲ ಒಟ್ಟಿಗೆ. ಯಾಕೆಂದರೆ ಬಣ್ಣ ಬದಲಾದರೆ ಮೇಲಿನ ರೀಲು ತೆಗೆಯಬೇಕು, ಕೆಳಗಿನ ಬಾಬಿನ್‌ಗೆ ಬೇರೆ ದಾರ ಸುತ್ತಬೇಕು, ಸೂಜಿಗೆ ಮತ್ತೆ ಪೋಣಿಸಬೇಕು. ಒಂದು ಸಲಕ್ಕೆ ಎರಡು ಮೂರು ನಿಮಿಷ, ಹೆಚ್ಚೇನಲ್ಲ. ಆದರೆ ದಿನಕ್ಕೆ ಮೂವತ್ತು ಸಲ ಬದಲಿಸಿದರೆ ಒಂದು ಗಂಟೆಗೂ ಹೆಚ್ಚು ಹೊತ್ತು ಮೆಷಿನ್ನು ನಿಂತೇ ಇರುತ್ತದೆ. ಹುಕ್ಕು, ಕಾಜಾ, ಹೆಮ್ಮಿಂಗ್ ಏನಿದ್ದರೂ ಕೊನೆಗೆ, ಎಲ್ಲ ಒಂದೇ ಗಂಟಿನಲ್ಲಿ.

ಕಚೇರಿಯಲ್ಲಿ ಕೂರುವ ನಾವು ಈ ದಾರ ಬದಲಿಸುವ ಹೊತ್ತನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಫೈಲು ಬಿಚ್ಚಿರುತ್ತೇವೆ, ಫೋನು ಟಿಣ್ ಅನ್ನುತ್ತದೆ. ಗ್ರೂಪಿನಲ್ಲಿ ಯಾರೋ ಗುಲಾಬಿ ಹೂವಿನ ಜೊತೆ ಶುಭೋದಯ ಹೇಳಿರುತ್ತಾರೆ. ನೋಡಿ ಇಟ್ಟರೆ ಅರ್ಧ ನಿಮಿಷ. ಮತ್ತೆ ಫೈಲಿಗೆ ಬಂದರೆ, ಎಲ್ಲಿದ್ದೆವು? ಆ ಟಿಪ್ಪಣಿಯನ್ನು ಮೊದಲಿನಿಂದ ಓದಬೇಕು. ಅರ್ಧ ಓದುವಷ್ಟರಲ್ಲಿ ‘ಒಂದ್ನಿಮಿಷ ಬರಬೇಕಂತೆ, ಸಾಹೇಬ್ರು ಕರೀತಿದಾರೆ’. ಸಂಜೆ ಮನೆಗೆ ಹೋಗಿ ‘ದಿನವಿಡೀ ಉಸಿರಾಡೋಕೂ ಪುರುಸೊತ್ತಿರಲಿಲ್ಲ, ಕೆಲಸ ಮಾತ್ರ ಏನೂ ಆಗಲಿಲ್ಲ’ ಅನ್ನುತ್ತೇವೆ. ಮನೆಯವರು ನಂಬದಿರಬಹುದು, ಆದರೆ ಎರಡೂ ಮಾತು ನಿಜವೇ.

ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಇದನ್ನೇ ಪ್ರಯೋಗ ಮಾಡಿ ನೋಡಿತು. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಕೈಹಾಕಿದರೆ ಗಮನ ಪೂರ್ತಿಯಾಗಿ ಜೊತೆಗೆ ಬರುವುದಿಲ್ಲ, ಒಂದಷ್ಟು ಹಿಂದಿನ ಕೆಲಸದಲ್ಲೇ ಉಳಿದುಬಿಡುತ್ತದೆ, ಅದರಿಂದ ಹೊಸ ಕೆಲಸವೂ ಕೆಡುತ್ತದೆ ಎಂದು. ಹಾಗಾದರೆ ಅರ್ಧ ನಿಮಿಷದ ಶುಭೋದಯಕ್ಕೆ ನಿಜವಾಗಿ ಎಷ್ಟು ಹೊತ್ತು ಖರ್ಚಾಯಿತು ಎಂದು ಗಡಿಯಾರ ನೋಡಿದರೆ ಗೊತ್ತಾಗುವುದಿಲ್ಲ.

ವೇಳೆಯ ಮಾತು ಬಂದಾಗ ಆಂಥನಿ ಟ್ರಾಲಪ್‌ನ ಹೆಸರು ಬಾರದೆ ಇರುವುದಿಲ್ಲ. ಇಂಗ್ಲೆಂಡಿನ ಈ ಕಾದಂಬರಿಕಾರ 1834ರಲ್ಲಿ ಅಂಚೆ ಇಲಾಖೆಗೆ ಗುಮಾಸ್ತನಾಗಿ ಸೇರಿ 1867ರವರೆಗೆ ಅಲ್ಲೇ ದುಡಿದ. ಒಟ್ಟು ಬರೆದದ್ದು 47 ಕಾದಂಬರಿ, ಅವುಗಳಲ್ಲಿ ಎಷ್ಟೋ ನೌಕರಿಯ ದಿನಗಳಲ್ಲೇ ಬರೆದವು. ಬೆಳಿಗ್ಗೆ ಐದೂವರೆಗೆ ಮೇಜಿನ ಮುಂದೆ ಹಾಜರು. ಎದುರಿಗೆ ಗಡಿಯಾರ ಇಟ್ಟುಕೊಂಡು ಕಾಲು ಗಂಟೆಗೆ 250 ಪದ. ಮೂರು ಗಂಟೆ ಬರೆದ ಮೇಲೆಯೇ ಉಡುಪು ಬದಲಿಸಿ ತಿಂಡಿಗೆ. ಈ ಪದಗಳ ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ. ಅಷ್ಟಾಗಿ ಯಾರೂ ಹೇಳದ ಸಂಗತಿ ಎರಡು. ಮೊದಲ ಅರ್ಧ ಗಂಟೆ ಅವನು ಹೊಸದಾಗಿ ಏನೂ ಬರೆಯುತ್ತಿರಲಿಲ್ಲ, ಹಿಂದಿನ ದಿನ ಬರೆದದ್ದನ್ನು ಓದಿ ಎಳೆ ಹಿಡಿಯುತ್ತಿದ್ದ. ಮೂರು ಗಂಟೆಯಲ್ಲಿ ಅರ್ಧ ಗಂಟೆಯನ್ನು ಅದಕ್ಕೆಂದೇ ಎತ್ತಿಟ್ಟಿದ್ದ.

ಇನ್ನೊಂದು ಸಂಗತಿ ಕಾಫಿಯದು. ಲಂಡನ್ ಹತ್ತಿರದ ವಾಲ್ತಮ್ ಕ್ರಾಸ್‌ನ ಮನೆಯಲ್ಲಿದ್ದಾಗ ಅವನನ್ನು ಎಬ್ಬಿಸಿ ಕಾಫಿ ಕೊಡುವುದಕ್ಕೆ ವಯಸ್ಸಾದ ಕುದುರೆ ಚಾಕರನೊಬ್ಬನಿದ್ದ. ಈ ಕೆಲಸಕ್ಕೆ ವರ್ಷಕ್ಕೆ ಐದು ಪೌಂಡ್ ಹೆಚ್ಚುವರಿ ಸಂಬಳ. ಯಜಮಾನ ಐದೂವರೆಗೆ ಮೇಜಿನ ಮುಂದೆ ಇರಬೇಕಾದರೆ ಚಾಕರ ಎಷ್ಟು ಗಂಟೆಗೆ ಏಳಬೇಕು? ಒಂದು ದಿನವೂ ಕಾಫಿ ತಡವಾಗಲಿಲ್ಲ, ನನ್ನ ಯಶಸ್ಸಿನಲ್ಲಿ ಮಿಕ್ಕೆಲ್ಲರಿಗಿಂತ ಇವನ ಋಣವೇ ಹೆಚ್ಚಿರಬಹುದು ಎಂದು ಟ್ರಾಲಪ್ ತನ್ನ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ದೊಡ್ಡ ಮನಸ್ಸು. ಏಕೆಂದರೆ ವೇಳೆ ಉಳಿಸುವ ಬಗ್ಗೆ ಪುಸ್ತಕ ಬರೆಯುವವರಲ್ಲಿ ಹೆಚ್ಚಿನವರಿಗೆ ಕಾಫಿ ತಂದುಕೊಡಲು ಯಾರೋ ಇರುತ್ತಾರೆ, ಆ ‘ಯಾರೋ’ ಪುಸ್ತಕದಲ್ಲಿ ಇರುವುದಿಲ್ಲ. ಎರಡು ಡಬ್ಬಿ ಕಟ್ಟಿ, ಮಗುವಿನ ಕಾಲಿಗೆ ಸಾಕ್ಸ್ ಹಾಕಿ, ಎಂಟೂವರೆ ಬಸ್ಸಿಗೆ ಓಡುವ ಹೆಂಗಸಿಗೆ ‘ಬೆಳಗಿನ ಜಾವದ ಮೂರು ಗಂಟೆ ನಿಮಗಾಗಿ ಇಟ್ಟುಕೊಳ್ಳಿ’ ಎಂದು ಉಪದೇಶಿಸುವುದು ಸುಲಭ.

ಬ್ಯಾಂಕಿನ ಕೌಂಟರಿನಲ್ಲಿರುವವರು, ವಾರ್ಡಿನಲ್ಲಿರುವ ನರ್ಸಮ್ಮ, ರೇಷನ್ ಅಂಗಡಿಯವರು ಇವರಾರೂ ಫೋನು ಆಫ್ ಮಾಡಿ ಬಾಗಿಲು ಹಾಕಿಕೊಳ್ಳುವ ಹಾಗಿಲ್ಲ. ಎದುರಿಗೆ ಬಂದವರೇ ಅವರ ಕೆಲಸ. ಅಂಥವರಿಗೂ ಆಗುವಂಥದ್ದು ಒಂದಿದೆ. ಅದೇ ಲೆರಾಯ್ ಇನ್ನೊಬ್ಬ ಸಂಶೋಧಕಿಯ ಜೊತೆ ಸೇರಿ 2018ರಲ್ಲಿ ಪ್ರಕಟಿಸಿದ್ದು. ಕರೆ ಬಂದಾಗ ಥಟ್ಟನೆ ಎದ್ದುಹೋಗುವ ಬದಲು, ಎಲ್ಲಿಗೆ ನಿಂತಿದೆ, ಬಂದು ಏನು ಮಾಡಬೇಕು ಎಂದು ಒಂದು ಸಾಲು ಗೀಚಿಟ್ಟು ಏಳುವುದು. ‘ಹನ್ನೊಂದನೇ ವೋಚರ್‌ವರೆಗೆ ತಾಳೆಯಾಗಿದೆ, ಹನ್ನೆರಡಕ್ಕೆ ಬಿಲ್ ಇಲ್ಲ, ಸ್ಟೋರಿನವರನ್ನು ಕೇಳಬೇಕು.’ ಇಷ್ಟು ಬರೆದರೆ ಸಾಕು, ಮನಸ್ಸು ಅದನ್ನು ಹೊತ್ತುಕೊಂಡು ತಿರುಗುವುದು ಕಡಿಮೆಯಾಗುತ್ತದೆ. ಹಿಂದಿನ ಕಾಲದ ಶಾನುಭೋಗರ ಲೆಕ್ಕದ ಪುಸ್ತಕವೋ ಈಗಿನ ಕಂಪ್ಯೂಟರೋ, ಒಂದು ಚೀಟಿಗೆ ಎಲ್ಲ ಕಡೆಯೂ ಜಾಗವಿದೆ. ಸಂಜೆ ಎದ್ದುಹೋಗುವಾಗಲೂ ಹೀಗೆ ಬರೆದಿಟ್ಟರೆ ಮರುದಿನ ಬೆಳಿಗ್ಗೆ ಟ್ರಾಲಪ್‌ನ ಆ ಅರ್ಧ ಗಂಟೆ ನಮಗೆ ಐದು ನಿಮಿಷದಲ್ಲಿ ಆಗಬಹುದು.

ಆದರೆ ಚೀಟಿ ಬರೆಯುವವರೇ ಎಲ್ಲ ಮಾಡಬೇಕು ಅನ್ನುವುದೂ ನ್ಯಾಯವಲ್ಲ. ಒಂದು ವಿಭಾಗದಲ್ಲಿ ಹನ್ನೆರಡು ಮಂದಿಯ ವೇಳೆ ಹೆಚ್ಚಾಗಿ ಒಬ್ಬರ ಕೈಯಲ್ಲಿ, ಅವರ ಮೇಜಿನ ಕರೆಗಂಟೆಯಲ್ಲಿ ಇರುತ್ತದೆ. ನೆನಪಾದಾಗಲೆಲ್ಲ ಆ ಗುಂಡಿ ಒತ್ತುವ ಬದಲು, ಕೇಳಬೇಕಾದದ್ದನ್ನೆಲ್ಲ ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡು, ಹನ್ನೊಂದೂವರೆಗೊಮ್ಮೆ, ನಾಲ್ಕಕ್ಕೊಮ್ಮೆ ಕರೆದು ಕೇಳುವ ಅಧಿಕಾರಿಗಳೂ ಇದ್ದಾರೆ. ಅವರ ಕೈಕೆಳಗಿನವರು ಮೊದಲೆರಡು ವಾರ ‘ಸಾಹೇಬ್ರಿಗೆ ನಮ್ಮ ಮೇಲೆ ಏನೋ ಸಿಟ್ಟಿರಬೇಕು, ಕರೆಯೋದೇ ಇಲ್ಲ’ ಎಂದು ಗಾಬರಿಯಾಗುತ್ತಾರಂತೆ. ಆಮೇಲೆ ವರ್ಗಾವಣೆ ಆರ್ಡರು ಬಂದಾಗ ಬೀಳ್ಕೊಡಲು ಮಾತ್ರ ಯಾರಿಗೂ ಮನಸ್ಸು ಬರುವುದಿಲ್ಲ.