ಹೊಲದಾಗಿನ ಕಿಟ್ಟ
(ಬೆಳ್ಳಿ ಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಸಾಲ, ಬೀಜ, ಗೊಬ್ಬರದ ಮಾತು ಬಲ್ಲವರು ಆಡ್ಯಾರ. ನಾನು ಹೊಲದಾಗ ಸಿಗುವ ಒಂದು ಕರಿ ತುಂಡಿನ ಮಾತು ಆಡತೀನಿ. ನಮ್ಮ ಸೀಮೆಯ ಕೆಲವು ಹೊಲಗಳಲ್ಲಿ ರಂಟಿ ಹೊಡೆಯುವಾಗ ತೂತು ತೂತಾದ, ಕೈಗೆ ಭಾರವಾದ ತುಂಡುಗಳು ಏಳುತ್ತವೆ. ಕಲ್ಲೆಂದು ಬದುವಿಗೆ ಎಸೆಯುತ್ತೇವೆ. ಅದು ಕಲ್ಲಲ್ಲ, ಕಬ್ಬಿಣದ ಕಿಟ್ಟ. ಅದಿರು, ಇದ್ದಿಲನ್ನು ಮಣ್ಣಿನ ಕುಲುಮೆಗೆ ತುಂಬಿ ತಿದಿ ಒತ್ತಿದರೆ ಕಬ್ಬಿಣ ಬೇರೆಯಾಗಿ, ಕರಗಿದ ಕಸ ಉಳಿಯುತ್ತದೆ. ಆ ಕಸವೇ ಕಿಟ್ಟ. ಅದರ ಜೊತೆಗೆ ಸುಟ್ಟ ಮಣ್ಣಿನ ಕೊಳವೆಯ ಚೂರು ಸಿಕ್ಕರೆ ಕುಲುಮೆ ಅಲ್ಲೇ ಆಸುಪಾಸಿನಲ್ಲಿ ಇದ್ದಿರಬೇಕು. ತಿದಿಯ ಗಾಳಿ ಒಳಗೆ ಹೋಗುತ್ತಿದ್ದುದು ಅಂಥ ಕೊಳವೆಯಿಂದ.

ಇದು ಒಬ್ಬರ ಕೆಲಸವಲ್ಲ. ಅದಿರು ತರುವವರು, ಇದ್ದಿಲು ಸುಡುವವರು, ತಿದಿ ಒತ್ತುವವರು ಕೂಡಿದರೇನೇ ಒಂದು ಕುಡ. ಸಹಕಾರ ಅಂದರೆ ಮತ್ತೇನು?

ಮಸ್ಕಿಯ ಅಶೋಕ ಶಾಸನವನ್ನು 1915ರಲ್ಲಿ ಕಂಡವರು ಬೀಡನ್ ಎಂಬ ಗಣಿ ಎಂಜಿನಿಯರರು. ಅವರು ಹುಡುಕುತ್ತಿದ್ದುದು ಬಂಗಾರ. ಆ ಕಸುಬೂ ಇಲ್ಲಿ ಹಳೆಯದೇ. ಹಟ್ಟಿಯಲ್ಲಿ ಹಿಂದಿನವರು 640 ಅಡಿ ಆಳಕ್ಕೆ ಇಳಿದಿದ್ದರು. ಹಳೆಯ ಗಣಿಯಲ್ಲಿ ಸಿಕ್ಕ ಕಟ್ಟಿಗೆ ಸುಮಾರು 2000 ವರ್ಷದ್ದೆಂದು ಪರೀಕ್ಷೆಯಿಂದ ತಿಳಿಯಿತು. 1954ರಲ್ಲಿ ಬಿ.ಕೆ. ಥಾಪರ್ ಅವರು ಮಸ್ಕಿಯಲ್ಲಿ ಅಗೆಸಿದಾಗ ಕೆಳಗೆ ಕಲ್ಲಿನ ಸಣ್ಣ ಅಲಗು ಬಳಸಿದವರ ಪದರ, ಅದರ ಮೇಲೆ ಕಬ್ಬಿಣ ಬಲ್ಲವರ ಪದರ ಕಂಡಿತು. 2010ರಿಂದೀಚೆಗೆ ಆಂಡ್ರ್ಯೂ ಬಾವರ್, ಪೀಟರ್ ಜೋಹಾನ್ಸನ್ ಮತ್ತು ಸಂಗಡಿಗರು ಮಸ್ಕಿ ಸುತ್ತಲಿನ ಗುಡ್ಡ, ಹೊಲ ತಿರುಗಿ ಇಂಥ ಜಾಗಗಳನ್ನು ಗುರುತಿಸಿದ್ದಾರೆ.

ನಿಮ್ಮೂರು ವಳಕಮದಿನ್ನಿಯ ಹೆಸರಿನಲ್ಲೇ 'ದಿನ್ನಿ' ಇದೆ. ದಿನ್ನಿ ಅಂದರೆ ದಿಬ್ಬ. ಎಲ್ಲ ದಿಬ್ಬವೂ ಹಳೇ ಊರಲ್ಲ, ಖರೆ. ಆದರೆ ಬೂದಿ, ಮಡಿಕೆ ಚೂರು, ಕಿಟ್ಟ ಕಾಣುವ ದಿಬ್ಬದ ಮಣ್ಣನ್ನು ಟ್ರ್ಯಾಕ್ಟರಿಗೆ ತುಂಬುವ ಮುಂಚೆ ಒಂದು ಗಳಿಗೆ ನಿಲ್ಲಬೇಕು. ಕಿಟ್ಟ ಇದ್ದಲ್ಲೇ ಇದ್ದರೆ ಸಾಕ್ಷಿ. ರಸ್ತೆಗೆ ಬಿದ್ದರೆ ಬರೀ ಖಡಿ.

ಹೊಲ ಸಮ ಮಾಡಬ್ಯಾಡ್ರಿ ಅಂತ ನಾನು ಹೇಳಲಾರೆ. ಅದು ಹೊಟ್ಟೆಯ ಮಾತು. ಸಂಘದಲ್ಲಿ ಒಂದು ವಹಿ ಇಡಿರಿ. ಯಾವ ಸರ್ವೆ ನಂಬರಿನಲ್ಲಿ, ಯಾವ ಮೂಲೆಯಲ್ಲಿ, ಏನು ಕಂಡಿತು ಎಂದು ಬರೆಸಿರಿ. ಜೆಸಿಬಿ ಕರೆಸುವ ಮುಂಚೆ ಶಾಲೆಯ ಮಾಸ್ತರರಿಗೂ ಪುರಾತತ್ವ ಇಲಾಖೆಗೂ ತಿಳಿಸಿರಿ. 25 ವರ್ಷದ ಲೆಕ್ಕ ಜೋಪಾನ ಮಾಡಿದ ಸಂಘಕ್ಕೆ ಇನ್ನೊಂದು ವಹಿ ಭಾರವಾಗದು.