ಮುಯ್ಯಿಯ ನಂಟು, ತವರಿನ ಗಿಡ

(ಪರಿಸರ ಕಾರ್ಯಕರ್ತರ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಸೇವೆಯನ್ನು ಗುರಿಯಾಗಿಟ್ಟುಕೊಂಡು ಯಾತ್ರೆ ಹೊರಡುವುದು ಪರಿಸರ ಚಳವಳಿಗೆ ಹೊಸತಲ್ಲ. ಪಾದಯಾತ್ರೆ, ಶ್ರಮದಾನ ಶಿಬಿರ, ನೆರೆ ಪರಿಹಾರ, ಗಿಡ ನೆಡುವ ಅಭಿಯಾನ – ಹೀಗೆ ಒಂದಲ್ಲ ಒಂದು ಕಾರಣಕ್ಕೆ ಕಾರ್ಯಕರ್ತರು ಅಪರಿಚಿತ ಊರುಗಳಿಗೆ ಹೋಗುತ್ತಾರೆ. ಯಾರದೋ ಜಗಲಿಯಲ್ಲಿ ಮಲಗುತ್ತಾರೆ. ಹೊರಡುವಾಗ ವಿಳಾಸ ಬರೆದುಕೊಳ್ಳುತ್ತಾರೆ. ಕೆಲವು ವರ್ಷಗಳ ಬಳಿಕ ಆ ವಿಳಾಸದಿಂದ ಮದುವೆಯ ಕರೆಯೋಲೆಯೊಂದು ಬರುತ್ತದೆ. ಹೋಗುವವರು ವಿರಳ. ದೂರ, ಖರ್ಚು, ಕೆಲಸದ ಒತ್ತಡ ಎಂಬ ಕಾರಣಗಳು ಸಿದ್ಧವಾಗಿರುತ್ತವೆ. ಸೇವೆಗೆ ಹೋಗಲು ಅಡ್ಡಿಯಾಗದ ದೂರವು ಮದುವೆಗೆ ಹೋಗಲು ಏಕೆ ಅಡ್ಡಿಯಾಗುತ್ತದೆ ಎಂಬ ಪ್ರಶ್ನೆಯೇ ಇಂದಿನ ವಿಷಯ.

ಮಲೆನಾಡಿನವರಿಗೆ ಮುಯ್ಯಿ ಎಂಬ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬರ ಗದ್ದೆಗೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುತ್ತಾರೆ. ಅವರ ನಾಟಿಯ ದಿನ ಇವರು ಹೋಗುತ್ತಾರೆ. ಮದುವೆಯಲ್ಲಿ ಬಂದ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಡುವುದು ಮರಳಿಸಬೇಕಾದ ಋಣದ ನೆನಪಿಗಾಗಿ. ಕೊಡುವವರು ಸದಾ ಕೊಡುವವರಾಗಿಯೇ, ಪಡೆಯುವವರು ಸದಾ ಪಡೆಯುವವರಾಗಿಯೇ ಉಳಿದರೆ ಅದು ದಾನವೆನಿಸಿಕೊಳ್ಳುತ್ತದೆ; ನಂಟಸ್ತನವಾಗುವುದಿಲ್ಲ. ಸೇವಾಯಾತ್ರೆಗಳ ಕೊರತೆ ಇರುವುದು ಇಲ್ಲಿಯೇ.

ಇದಕ್ಕೊಂದು ನಿದರ್ಶನವಿದೆ. 2013ರ ಜೂನ್ 16 ಮತ್ತು 17ರಂದು ಕೇದಾರನಾಥದಲ್ಲಿ ಸುರಿದ ಭಾರೀ ಮಳೆಗೆ ಮೇಲ್ಭಾಗದ ಚೋರಾಬಾರಿ ಸರೋವರ ಒಡೆದು ಮಂದಾಕಿನಿ ಕಣಿವೆ ತತ್ತರಿಸಿತು. ಸಾವಿರಾರು ಜನ ಪ್ರಾಣ ಕಳೆದುಕೊಂಡರು, ಸೇತುವೆಗಳು ಕೊಚ್ಚಿಹೋದವು. ಯಾತ್ರಿಕರನ್ನೇ ನಂಬಿ ಬದುಕುತ್ತಿದ್ದ ಕಣಿವೆಯ ಅನೇಕ ಮನೆಗಳಲ್ಲಿ ದುಡಿಯುವ ಗಂಡಸರು ಇಲ್ಲವಾದರು. ಆ ಮಳೆಗಾಲದಲ್ಲಿ ಕಂಬಳಿ, ಅಕ್ಕಿ, ಸೌರದೀಪಗಳನ್ನು ಹೊತ್ತು ಹೋದ ಸ್ವಯಂಸೇವಕರ ತಂಡವೊಂದರಲ್ಲಿ ಶಿರಸಿ ಸೀಮೆಯ ಯುವತಿಯೊಬ್ಬಳಿದ್ದಳು. ಅಗಸ್ತ್ಯಮುನಿಯ ಮೇಲಿನ ಹಳ್ಳಿಯೊಂದರಲ್ಲಿ ಮೂರು ವಾರ ತಂಗಿದ ಅವಳಿಗೆ, ಕಂಬಳಿ ಪಡೆದವರ ಹೆಸರನ್ನು ಬರೆದುಕೊಡುತ್ತಿದ್ದ ಊರಿನ ಹುಡುಗಿಯೊಡನೆ ಗೆಳೆತನ ಬೆಳೆಯಿತು. ಆದರೆ ಆ ಹುಡುಗಿಯ ತಾಯಿ ಕಂಬಳಿ ಪಡೆಯುವಾಗ ತಲೆಯೆತ್ತಲಿಲ್ಲ. ಹಳ್ಳಿಯ ಜನರಿಗೆ ಕೊಟ್ಟು ರೂಢಿ. ಸಾಲಿನಲ್ಲಿ ನಿಂತು ಪಡೆದು ರೂಢಿಯಿಲ್ಲ.

2017ರ ವೈಶಾಖದಲ್ಲಿ ಆ ಹುಡುಗಿಯ ಮದುವೆ ಗೊತ್ತಾಯಿತು. ಕರೆಯೋಲೆ ಬಂದಾಗ, ರೈಲಿಗೂ ಬಸ್ಸಿಗೂ ತಗಲುವ ಹಣವನ್ನು ಮನಿಯಾರ್ಡರ್ ಮಾಡಿದರೆ ಆ ಬಡಮನೆಗೆ ಹೆಚ್ಚು ಉಪಕಾರವಾಗುತ್ತದೆ ಎಂಬ ಸಲಹೆಯೂ ಕೇಳಿಬಂತು. ಲೆಕ್ಕದಲ್ಲಿ ಸರಿಯಾಗಿ ಕಾಣುವ ಸಲಹೆ ಅದು. ಆದರೆ ಹಣ ಹೋಗಿದ್ದರೆ ಅದು ಎರಡನೆಯ ಕಂಬಳಿಯಾಗುತ್ತಿತ್ತು. ಯುವತಿ ತಾನೇ ಹೊರಟಳು.

ಮದುವೆಮನೆಯಲ್ಲಿ ಅವಳಿಗೆ ದೊರೆತ ಮೊದಲ ಮರ್ಯಾದೆ ಕೆಲಸ. ಗಡ್ವಾಲದ ಮದುವೆಗಳಲ್ಲಿ ಅರ್ಸೆ ಎಂಬ ಸಿಹಿತಿಂಡಿ ಇರಲೇಬೇಕು. ನೆನೆಸಿದ ಅಕ್ಕಿಯನ್ನು ಹೆಂಗಸರೆಲ್ಲ ಸೇರಿ ಒರಳಿನಲ್ಲಿ ಕುಟ್ಟಿ, ಬೆಲ್ಲದ ಪಾಕದಲ್ಲಿ ಕಲಸಿ, ಎಣ್ಣೆಯಲ್ಲಿ ಕರಿಯುತ್ತಾರೆ. ಅದು ಈ ಕಡೆಯ ಅತಿರಸದ ಒಡಹುಟ್ಟೇ ಸರಿ. ಒನಕೆ ಹಿಡಿದ ಅತಿಥಿಗೆ ಪಾಕದ ಹದ ಗೊತ್ತಿರುವುದನ್ನು ಕಂಡು ಅಡುಗೆಯ ಹೆಂಗಸರು ಬೆರಗಾದರು. ಅರಸಿನ ಹಚ್ಚುವಾಗ, ವರನ ದಿಬ್ಬಣ ಬಂದಾಗ, ಒಂದೊಂದು ಶಾಸ್ತ್ರಕ್ಕೂ ಹಿರಿಯ ಹೆಂಗಸರು ಮಾಂಗಲವೆಂಬ ಹಾಡುಗಳನ್ನು ಹಾಡಿದರು. ಮನೆಮನೆಯಿಂದ ಸೌದೆ ಬಂದಿತ್ತು, ಪಾತ್ರೆ ಬಂದಿತ್ತು, ಹಾಲು ಬಂದಿತ್ತು. ನಾಲ್ಕು ವರ್ಷಗಳ ಹಿಂದೆ ತಲೆಯೆತ್ತದಿದ್ದ ತಾಯಿ ಈಗ ಎದುರು ನಿಂತು, ‘ಬೇಟಿ, ಇನ್ನೊಂದು’ ಎಂದು ಗದರಿ ಬಡಿಸಿದಳು. ಕಂಬಳಿಯ ಋಣ ಅಂದು ತೀರಿತು, ನಂಟು ಆರಂಭವಾಯಿತು.

ಆ ಮದುವೆಯಲ್ಲಿ ಇನ್ನೊಂದು ಶಾಸ್ತ್ರವೂ ನಡೆಯಿತು. ಗಡ್ವಾಲಿ ಭಾಷೆಯಲ್ಲಿ ಮೈತವೆಂದರೆ ತವರು; ಮೈತಿ ಎಂದರೆ ತವರಿನವರು. ಚಮೋಲಿ ಜಿಲ್ಲೆಯ ಗ್ವಾಲ್ದಮ್‌ನಲ್ಲಿ ಜೀವಶಾಸ್ತ್ರದ ಅಧ್ಯಾಪಕರಾಗಿದ್ದ ಕಲ್ಯಾಣ್ ಸಿಂಗ್ ರಾವತ್ ಅವರು 1990ರ ದಶಕದ ಮಧ್ಯಭಾಗದಲ್ಲಿ ಮೈತಿ ಆಂದೋಲನವನ್ನು ಆರಂಭಿಸಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಗೌರವ ಸಂದಿತು. ಆಂದೋಲನದ ರೀತಿ ಸರಳ. ಊರಿನ ಮದುವೆಯಾಗದ ಹೆಣ್ಣುಮಕ್ಕಳು ಗುಂಪು ಕಟ್ಟಿ ಸಸಿಗಳನ್ನು ಬೆಳೆಸುತ್ತಾರೆ. ಮದುವೆಯ ದಿನ ವಧೂವರರು ವಧುವಿನ ತವರಿನಲ್ಲಿ ಒಂದು ಗಿಡ ನೆಡುತ್ತಾರೆ. ವರನು ಗುಂಪಿಗೆ ಕೈಲಾದಷ್ಟು ಹಣ ಕೊಡುತ್ತಾನೆ. ಅದು ಗಿಡಗಳ ಆರೈಕೆಗೂ ಬಡ ಹೆಣ್ಣುಮಕ್ಕಳ ನೆರವಿಗೂ ಸಲ್ಲುತ್ತದೆ. ಮಗಳು ಗಂಡನ ಮನೆಗೆ ಹೋದ ಮೇಲೆ ತಾಯಿಯೂ ಗೆಳತಿಯರೂ ಆ ಗಿಡಕ್ಕೆ ನೀರೆರೆಯುತ್ತಾರೆ. ಸರಕಾರಿ ವನಮಹೋತ್ಸವದ ಗಿಡಕ್ಕೆ ಸಂಖ್ಯೆ ಇರುತ್ತದೆ, ತಾಯಿ ಇರುವುದಿಲ್ಲ. ಅಂದು ನೆಟ್ಟ ಮಾಲ್ಟಾ ಹಣ್ಣಿನ ಗಿಡಕ್ಕೆ ನೀರಿನ ಕೊಡ ಹಿಡಿದು ನಿಂತ ಗೆಳತಿಯರ ಸಾಲಿನಲ್ಲಿ ಶಿರಸಿಯವಳೂ ಇದ್ದಳು. ಸೇವೆಗೆ ಬಂದವಳು ಮೈತಿಯಾದಳು.

ತವರು ಎಂಬ ಮಾತಿಗೆ ಆ ಬೆಟ್ಟಗಳಲ್ಲಿ ಬೇರೆಯೇ ತೂಕವಿದೆ. 1974ರ ಮಾರ್ಚ್ 26ರಂದು ರೈಣಿಯಲ್ಲಿ ಗೌರಾದೇವಿ ಮತ್ತು ಸಂಗಡಿಗರು ಮರಗಳಿಗೆ ಅಡ್ಡ ನಿಂತದ್ದು ಕಾಡನ್ನು ತವರೆಂದು ಬಗೆದೇ. ಅದಕ್ಕೂ ಮೊದಲು, 1956ರಲ್ಲಿ, ಸುಂದರಲಾಲ ಬಹುಗುಣರನ್ನು ವರಿಸಲು ವಿಮಲಾ ನೌಟಿಯಾಲ್ ಅವರು ಒಂದು ಷರತ್ತು ಮುಂದಿಟ್ಟಿದ್ದರು: ಪಕ್ಷರಾಜಕೀಯವನ್ನು ತೊರೆದು ಹಳ್ಳಿಯಲ್ಲಿ ನೆಲೆಸಬೇಕು. ಕೌಸಾನಿಯ ಸರಳಾ ಬೆಹನ್ ಅವರ ಆಶ್ರಮದಲ್ಲಿ ಬೆಳೆದ ಆಕೆಯ ಆ ಮಾತಿಗೆ ಬಹುಗುಣರು ಒಪ್ಪಿ ಸಿಲ್ಯಾರಾದಲ್ಲಿ ನೆಲೆಸಿದರು. 1983ರಲ್ಲಿ ಬಹುಗುಣರು ಶಿರಸಿ ಸೀಮೆಗೆ ಬಂದರು. ಅದೇ ವರ್ಷ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಬಳಿಯ ಕಾಡಿನಲ್ಲಿ ಅಪ್ಪಿಕೋ ಮೊದಲಾಯಿತು. ಒಂದು ಮದುವೆಯ ಷರತ್ತು ಎಷ್ಟು ದೂರದವರೆಗೆ ನಡೆದುಬರಬಲ್ಲದು ಎಂಬುದಕ್ಕೆ ಸಹ್ಯಾದ್ರಿಯೂ ಸಾಕ್ಷಿ.

ಇಂದು ಆ ಷರತ್ತು ತಿರುಗಿ ನಿಂತಿದೆ. ಹಳ್ಳಿಯಲ್ಲಿ ನೆಲೆಸುವ ಹುಡುಗನಿಗೆ ಹೆಣ್ಣು ಸಿಗುವುದು ಕಷ್ಟವೆಂಬ ಮಾತು ಗಡ್ವಾಲದಲ್ಲಿಯೂ ಇದೆ, ಅಡಕೆ ತೋಟಗಳ ನಡುವೆಯೂ ಇದೆ. 2011ರ ಬಳಿಕ ಜನರಿಲ್ಲದೆ ಬರಿದಾದ ಹಳ್ಳಿಗಳು 734 ಎಂದು ಉತ್ತರಾಖಂಡದ ವಲಸೆ ಆಯೋಗ 2018ರಲ್ಲಿ ವರದಿ ಮಾಡಿತು. ಬೀಗ ಬಿದ್ದ ಮನೆಯ ಅಂಗಳದಲ್ಲಿ ಚಪ್ಪರ ಏಳುವುದಿಲ್ಲ. ಇನ್ನೊಂದೆಡೆ, ಬೆಟ್ಟವನ್ನು ಕೇವಲ ಚಿತ್ರಪಟದಂತೆ ಬಳಸುವ ಮದುವೆಗಳು ಹೆಚ್ಚುತ್ತಿವೆ. 2019ರ ಜೂನ್‌ನಲ್ಲಿ ಔಲಿಯಲ್ಲಿ ನಡೆದ ಸಿರಿವಂತರ ವಿವಾಹಗಳು ಬಿಟ್ಟುಹೋದ ಕಸದ ರಾಶಿ ಉಚ್ಚ ನ್ಯಾಯಾಲಯದವರೆಗೆ ಚರ್ಚೆಯಾಯಿತು. ಆದುದರಿಂದ ಬೆಟ್ಟದ ಹಳ್ಳಿಯೊಂದರಲ್ಲಿ, ಊರವರ ಸೌದೆಯಿಂದ, ಎಲೆಯ ಮೇಲೆ ಬಡಿಸಿ ನಡೆಯುವ ಮದುವೆಗೆ ಸಾಕ್ಷಿಯಾಗುವುದು ಸಣ್ಣ ಸಂಗತಿಯಲ್ಲ. ಅಲ್ಲಿ ಬದುಕು ಮುಂದುವರಿಯುತ್ತದೆ ಎಂಬ ನಿರ್ಧಾರಕ್ಕೆ ಅದು ಬೆಂಬಲ.

ಹಾಗೆಂದು ಹಳ್ಳಿಯ ಮದುವೆಯೆಲ್ಲ ಪವಿತ್ರವೆಂದು ಭಾವಿಸುವುದೂ ತಪ್ಪಾದೀತು. ಢೋಲ್–ದಮಾವು ವಾದ್ಯಗಳಿಲ್ಲದೆ ಗಡ್ವಾಲದಲ್ಲಿ ದಿಬ್ಬಣ ಹೊರಡುವುದಿಲ್ಲ. ಅದನ್ನು ನುಡಿಸುವ ದಲಿತ ಕಲಾವಿದರಿಗೆ ಮಾತ್ರ ಅನೇಕ ಊರುಗಳಲ್ಲಿ ಪಂಕ್ತಿ ಬೇರೆ. 2019ರಲ್ಲಿ ಟೆಹ್ರಿ ಜಿಲ್ಲೆಯ ಮದುವೆಯೊಂದರಲ್ಲಿ, ಮೇಲ್ಜಾತಿಯವರೆದುರು ಕುರ್ಚಿಯಲ್ಲಿ ಕುಳಿತು ಉಂಡನೆಂದು ಥಳಿತಕ್ಕೊಳಗಾದ ದಲಿತ ಯುವಕನೊಬ್ಬ ಅಸುನೀಗಿದನೆಂದು ವರದಿಯಾಯಿತು. ಮಲೆನಾಡಿನ ಪಂಕ್ತಿಗಳ ಕಥೆಯೂ ಇಂತಹ ಭೇದದಿಂದ ಹೊರತಲ್ಲ. ಹೊರಗಿನಿಂದ ಬಂದವರು ಉಪದೇಶ ಮಾಡಿದರೆ ಬಾಗಿಲು ಮುಚ್ಚುತ್ತದೆ. ನಂಟರಾದವರು ವಾದ್ಯದವರ ಪಕ್ಕದಲ್ಲಿ ಎಲೆ ಹಾಕಿಸಿಕೊಂಡು ಕುಳಿತರೆ ಮಾತಿಲ್ಲದೆಯೇ ಮಾತಾಗುತ್ತದೆ. ಶಿರಸಿಯವಳು ಮಾಡಿದ್ದು ಅಷ್ಟೇ. ಹಿರಿಯರು ಕೆಲವರು ಮುಖ ತಿರುಗಿಸಿದರು. ವಧು ತಾನೇ ಬಂದು ಆ ಸಾಲಿಗೆ ಬಡಿಸಿದಳು.

ಹೊರಡುವ ದಿನ ಅವಳ ಕೈಗೂ ಅರ್ಸೆಯ ಬುಟ್ಟಿ ಬಂತು. ತವರಿನಿಂದ ಹೊರಡುವ ಹೆಣ್ಣುಮಕ್ಕಳಿಗೆ ಅದನ್ನು ಕೊಡುವುದು ಅಲ್ಲಿಯ ಪದ್ಧತಿ. ಮುಂದಿನ ವರ್ಷದ ಅಡಕೆ ಕೊಯ್ಲಿನ ಕಾಲಕ್ಕೆ ಆ ಗಡ್ವಾಲಿ ದಂಪತಿಗಳು ಶಿರಸಿ ಸೀಮೆಗೆ ಬಂದು, ರಾತ್ರಿಯ ಅಡಕೆ ಸುಲಿಯುವ ಸಾಲಿನಲ್ಲಿ ಹದಿನೈದು ದಿನ ಕುಳಿತರು. ಯಾರೂ ಅದನ್ನು ಸೇವೆಯೆಂದು ಕರೆಯಲಿಲ್ಲ, ಮುಯ್ಯಿ ಎಂದರು.

ಬಂಧುಗಳೇ, ಪ್ರತಿಯೊಂದು ಸಂಘಟನೆಯಲ್ಲಿಯೂ ಹಾಜರಿ ಪುಸ್ತಕವಿದೆ, ಖರ್ಚಿನ ಪುಸ್ತಕವಿದೆ. ಇನ್ನು ಮೇಲೆ ಒಂದು ಮುಯ್ಯಿ ಪುಸ್ತಕವೂ ಇರಲಿ. ಯಾವ ಊರಿನ ಯಾವ ಮನೆಯಲ್ಲಿ ಕಾರ್ಯಕರ್ತರು ಉಂಡರು, ಯಾವ ಮನೆಯಿಂದ ಕರೆ ಬಂದಿದೆ, ಯಾರು ಹೋಗಿಬಂದರು ಎಂಬುದು ಅದರಲ್ಲಿ ದಾಖಲಾಗಲಿ. ಬರುವ ವೈಶಾಖದೊಳಗೆ ಅದರ ಮೊದಲ ಪುಟ ತುಂಬಲಿ.